ರಜಾಮನೆ: ಫುಕೆಟ್ಟೋ, ಬಾಲಿಯೋ?

ಕಡಲು ನೋಡುವ ಮೊದಲು ಹಕ್ಕುಪತ್ರ ನೋಡಿ. ಥಾಯ್ಲೆಂಡಿನಲ್ಲಿ ವಿದೇಶಿಯರಿಗೆ ಜಮೀನು ಸಾಮಾನ್ಯವಾಗಿ ಸಿಗದು. ಆದರೆ ಕಾಂಡೋ (ಫ್ಲ್ಯಾಟ್‌ಗಳ) ಕಟ್ಟಡದ ಶೇ. 49ರಷ್ಟು ವಿಸ್ತೀರ್ಣ ವಿದೇಶಿಯರ ಹೆಸರಿನಲ್ಲಿರಬಹುದು, ಹಾಗಾಗಿ ಫುಕೆಟ್‌ನ ಫ್ಲ್ಯಾಟ್ ನಿಮ್ಮ ಹೆಸರಿಗೇ ನೋಂದಣಿಯಾಗುತ್ತದೆ. ದುಡ್ಡು ಮಾತ್ರ ವಿದೇಶಿ ಕರೆನ್ಸಿಯಲ್ಲಿ ಹೊರಗಿನಿಂದ ಬಂದಿರಬೇಕು.

ಬಾಲಿಯಲ್ಲಿ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಇಂಡೋನೇಷ್ಯಾದವರಿಗಷ್ಟೇ. ಹೊರಗಿನವರಿಗೆ ಸಿಗುವ ವಿಲ್ಲಾ ಬಹುತೇಕ ಗುತ್ತಿಗೆಯದು, ಸಾಮಾನ್ಯವಾಗಿ 25–30 ವರ್ಷಕ್ಕೆ. ‘ಸ್ಥಳೀಯರೊಬ್ಬರ ಹೆಸರಿಗೆ ಬರೆಸಿಬಿಡೋಣ’ ಎಂದು ಏಜೆಂಟ್ ಅಂದರೆ ಎದ್ದು ಬನ್ನಿ.

ಹವೆಯ ಲೆಕ್ಕ ಉಲ್ಟಾ. ಫುಕೆಟ್‌ನಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ, ಕಡಲೂ ಒರಟು. ಬಾಲಿಯಲ್ಲಿ ಆಗ ಹೆಚ್ಚುಕಮ್ಮಿ ಒಣಹವೆ. ಮಕ್ಕಳ ಬೇಸಿಗೆ ರಜೆ, ದಸರಾ ರಜೆಗೆ ಬಾಲಿಯೇ ವಾಸಿ, ಡಿಸೆಂಬರ್‌ಗೆ ಫುಕೆಟ್. ನನ್ನನ್ನು ಕೇಳಿದರೆ, ಕೊಳ್ಳುವುದು ಫುಕೆಟ್‌ನಲ್ಲಿ. ಬಾಲಿಗೆ ಬಾಡಿಗೆ ಮನೆ ಸಾಕು.