ಪೇಪರ್ ಫಾರ್ಮ್ಯಾಟಿಂಗ್‌ಗೆ ಅಂತ ಫೈಲ್ ಕೊಡುವ ಮುಂಚೆ ಇದನ್ನು ಓದಿ

ಪಿಎಚ್‌ಡಿ ಮಾಡುತ್ತಿರುವವರು, ಅದರಲ್ಲೂ ಶಾಸನ, ಇತಿಹಾಸ, ಹಳಗನ್ನಡ ಅಂತ ಕೆಲಸ ಮಾಡುವವರು ದಯವಿಟ್ಟು ಪೂರ್ತಿ ಓದಿ. ಮೂರು ವಾರದಿಂದ ಬರೆಯಲೋ ಬೇಡವೋ ಅಂತ ಒದ್ದಾಡಿದ್ದೇನೆ. ನಾಚಿಕೆ ಆಗುತ್ತೆ. ಎಂಟು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದವಳು ಇಂಥದ್ದಕ್ಕೆ ಬಿದ್ದೆ ಅಂತ ಹೇಳಿಕೊಳ್ಳೋಕೆ ಬಾಯಿ ಬರಲ್ಲ. ಆದರೆ ನಿನ್ನೆ ಜೂನಿಯರ್ ಒಬ್ಬಳು ಫೋನ್ ಮಾಡಿ, "ಅಕ್ಕಾ, ಅದೇ ನಂಬರಿಗೆ ಅಡ್ವಾನ್ಸ್ ಹಾಕಿದೀನಿ" ಅಂದಳು. ಇನ್ನು ಸುಮ್ಮನಿರೋಕೆ ಆಗಲ್ಲ.

ನನ್ನ ಪೇಪರ್ ಸೊರಬ, ಶಿಕಾರಿಪುರ ಕಡೆಯ ಕೆರೆ ಶಾಸನಗಳ ಮೇಲೆ. ಕೆರೆ ಕಟ್ಟಿಸಿದವರ ಹೆಸರು ಎಲ್ಲರೂ ಬರೆಯುತ್ತಾರೆ. ಕಟ್ಟಿದ ಮೇಲೆ ಅದರ ಹೂಳು ಯಾರು ತೆಗೆಯುತ್ತಿದ್ದರು, ಅದಕ್ಕೆ ಅಂತ ಯಾವ ಭೂಮಿ ಇಟ್ಟಿದ್ದರು, ಶಾಸನಗಳಲ್ಲಿ ಬರುವ ಬಿತ್ತುವಟ್ಟ ಅನ್ನುವ ಪದಕ್ಕೆ ಅರ್ಥ ಏನು, ಇದರ ಹಿಂದೆ ನಾಲ್ಕು ವರ್ಷ ಬಿದ್ದಿದ್ದೆ. ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ಕೆರೆ ಏರಿ ಮೇಲೆ ನಿಂತು ಕಲ್ಲು ಓದಿ ಬಂದ ಕೆಲಸ ಇದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಥೀಸಿಸ್ ಕೊಡುವ ಮುಂಚೆ ಪೇಪರ್ ಪ್ರಕಟ ಆಗಿರಲೇಬೇಕು ಅನ್ನುವ ಕಡ್ಡಾಯ ಇಲ್ಲ. ನಮ್ಮಲ್ಲಿ ಮಾತ್ರ ಇನ್ನೂ ಕೇಳುತ್ತಾರೆ. ನನಗೆ ಉಳಿದದ್ದು ಎರಡು ತಿಂಗಳು.

ನಾನು ಕಳಿಸಬೇಕು ಅಂದುಕೊಂಡಿದ್ದ ಜರ್ನಲ್‌ನವರು ಉಲ್ಲೇಖಗಳೆಲ್ಲ ಎಪಿಎ ಅನ್ನುವ ಪದ್ಧತಿಯ 7ನೇ ಆವೃತ್ತಿಯಲ್ಲಿ ಇರಬೇಕು ಅಂತ ಹಾಕಿದ್ದರು. ನನ್ನದೆಲ್ಲ ಅಡಿಟಿಪ್ಪಣಿ. 42 ಉಲ್ಲೇಖ. ಹೆದರಿದೆ. ಕ್ಯಾಂಪಸ್ ಗೇಟಿನ ಹತ್ತಿರ ಎಲ್ಲರೂ ಥೀಸಿಸ್ ಬೈಂಡಿಂಗ್ ಮಾಡಿಸುವ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿ ಒಬ್ಬರ ನಂಬರ್ ಕೊಟ್ಟರು. ಫಾರ್ಮ್ಯಾಟಿಂಗ್ 1,800 ರೂಪಾಯಿ ಅಂದರು, ಒಪ್ಪಿದೆ. ಅಷ್ಟಕ್ಕೇ ನಿಂತಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಮಾರನೇ ದಿನ ಮೆಸೇಜ್. "ಮೇಡಂ, ಸಿಮಿಲಾರಿಟಿ 31 ಬರ್ತಿದೆ. 10ರ ಒಳಗೆ ತರ್ಲಿಲ್ಲಾಂದ್ರೆ ರಿಜೆಕ್ಟ್. 1,500 ಆಗುತ್ತೆ." ಅಂದರೆ ನನ್ನ ಬರಹದ ನೂರಕ್ಕೆ 31 ಭಾಗ ಬೇರೆ ಕಡೆ ಇರುವುದಕ್ಕೆ ಹೋಲುತ್ತೆ ಅಂತ. ಕೊಟ್ಟೆ. ಅದರ ಮಾರನೇ ದಿನ, "ಆ ಜರ್ನಲ್‌ನೋರು ಆರು ತಿಂಗ್ಳು ಸತಾಯಿಸ್ತಾರೆ ಮೇಡಂ. ನಮ್ ಕಡೆ ಒಂದಿದೆ, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇದೆ, 48 ಗಂಟೇಲಿ ಅಕ್ಸೆಪ್ಟೆನ್ಸ್." ಕೇರ್ ಪಟ್ಟಿಯಲ್ಲಿ, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ, ಇದೆಯಾ ಅಂತ ಕೇಳಿದೆ. "ಕೇರ್ ಯುಜಿಸಿನೇ ತೆಗ್ದಾಕಿದೆ ಮೇಡಂ, ಈಗ ಯಾವ್ದಾದ್ರೂ ನಡೀತದೆ" ಅಂದ. ಪಟ್ಟಿ ತೆಗೆದದ್ದು ನಿಜ, 2025ರ ಫೆಬ್ರವರಿಯಲ್ಲಿ ಪ್ರಕಟಣೆ ಬಂತು. ಆದರೆ ಜರ್ನಲ್ ಸರಿಯೋ ತಪ್ಪೋ ನೋಡುವ ಜವಾಬ್ದಾರಿ ಆಗ ವಿಶ್ವವಿದ್ಯಾಲಯದ ಮೇಲೆ, ನಮ್ಮ ಮೇಲೆ ಬಂತೇ ಹೊರತು ಯಾವುದಾದರೂ ನಡೆಯುತ್ತೆ ಅಂತ ಅರ್ಥ ಅಲ್ಲ. ಅರ್ಧ ನಿಜ ಹೇಳಿ ನನ್ನ ಬಾಯಿ ಮುಚ್ಚಿಸಿದ. ಇನ್ನೊಂದು 4,500. ಆ ತಿಂಗಳ ಗೌರವಧನ ಬಂದಿರಲಿಲ್ಲ. ತಮ್ಮನ ಹತ್ತಿರ ಇಸ್ಕೊಂಡು ಹಾಕಿದೆ. ಒಟ್ಟು 7,800.

ಎರಡು ದಿನಕ್ಕೆ ಅಕ್ಸೆಪ್ಟೆನ್ಸ್ ಬಂತು. ಒಂದು ವಿಮರ್ಶೆ ಇಲ್ಲ, ಒಂದು ಪ್ರಶ್ನೆ ಇಲ್ಲ. ಆಗಲೇ ಗೊತ್ತಾಗಬೇಕಿತ್ತು. ಆಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ಮೊದಲ ಪುಟದ ಸ್ಕ್ರೀನ್‌ಶಾಟ್. "ಪ್ರೂಫ್ ನೋಡಿ ಓಕೆ ಅನ್ನಿ ಮೇಡಂ, ಬೆಳಗ್ಗೆ ಇಶ್ಯೂ ಕ್ಲೋಸ್." ಮೊದಲ ಪುಟ ಚೆನ್ನಾಗಿತ್ತು. ನನ್ನ ಹೆಸರು ಸರಿಯಾಗಿತ್ತು. "ಓಕೆ ಸರ್, ಥ್ಯಾಂಕ್ಸ್" ಅಂತ ಹಾಕಿ ಮಲಗಿದೆ.

ಪ್ರಿಂಟ್ ತೆಗೆಸಿ, ಅವರು ಕಳಿಸಿದ ಸರ್ಟಿಫಿಕೇಟನ್ನೂ ಜೊತೆಗಿಟ್ಟು ಗೈಡ್ ಸರ್ ಮುಂದೆ ಇಟ್ಟೆ. ಸರ್ ಯಾವುದೇ ಪೇಪರ್ ಕೈಗೆ ಬಂದರೂ ಮೊದಲು ಗ್ರಂಥಋಣ ನೋಡುವವರು. ಕೊನೇ ಪುಟಕ್ಕೆ ಹೋದರು. ಬೆರಳು ಒಂದು ಕಡೆ ನಿಂತಿತು.

"ಯಾರಮ್ಮ ಇವರು, ಕರ್ನಾಟಿಕಾ ಎ.?"

ನನಗೆ ಅರ್ಥ ಆಗಲಿಲ್ಲ. ಬಗ್ಗಿ ನೋಡಿದೆ. "ಕರ್ನಾಟಿಕಾ, ಎ. (1904)" ಅಂತ ಅಚ್ಚಾಗಿತ್ತು. ಎಪಿಗ್ರಾಫಿಯಾ ಕರ್ನಾಟಿಕಾ! ಬಿ.ಎಲ್. ರೈಸ್ ಸಂಪಾದಿಸಿದ 8ನೇ ಸಂಪುಟ, ಸೊರಬದ ಶಾಸನಗಳಿರುವುದು. ಅದನ್ನು ಒಬ್ಬ ಮನುಷ್ಯನ ಹೆಸರು ಅಂದುಕೊಂಡು ಅಡ್ಡಹೆಸರು ಮುಂದೆ, ಇನಿಷಿಯಲ್ ಹಿಂದೆ ಹಾಕಿದ್ದಾನೆ. ಅದರ ಮೇಲೆ ಇನ್ನೊಂದು "ಕರ್ನಾಟಿಕಾ, ಎ. (1902)", ಅದು 7ನೇ ಸಂಪುಟ. ಶಾಸನ ಓದುವವರು ದಿನಾ ಕೈಯಲ್ಲಿ ಹಿಡಿಯುವ ಪುಸ್ತಕ, ಅದರ ಹೆಸರೇ ಗೊತ್ತಿಲ್ಲದವಳು ಅಂತ ನನ್ನ ಹೆಸರಲ್ಲೇ ಅಚ್ಚಾಗಿದೆ.

ಸರ್ ಮಾತಾಡದೆ ಒಳಪುಟ ತಿರುಗಿಸಿದರು. ಶಾಸನಪಾಠದಲ್ಲಿ ಕೆಱೆ ಅಂತ ಬರುವ ಕಡೆಯೆಲ್ಲ ಱ ಜಾಗದಲ್ಲಿ ಖಾಲಿ ಚೌಕ. ೞ ಇದ್ದ ಕಡೆಯೂ ಅದೇ. ಎರಡೂ ಹಳಗನ್ನಡದ ಅಕ್ಷರ. ನಾನು ಯೂನಿಕೋಡ್‌ನಲ್ಲಿ ಒಂದೊಂದಾಗಿ ನೋಡಿ ಟೈಪ್ ಮಾಡಿದ್ದನ್ನು ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಹಾಕಲು ಹಳೇ ಫಾಂಟಿಗೆ ಬದಲಾಯಿಸಿದ್ದಾರೆ, ಎರಡು ಅಕ್ಷರವೂ ಹೋಗಿವೆ. ಅದಕ್ಕಿಂತ ದೊಡ್ಡದು ಆಮೇಲೆ ಕಂಡಿತು. ಸಿಮಿಲಾರಿಟಿ ಇಳಿಸುತ್ತೇನೆ ಅಂತ 1,500 ತಗೊಂಡನಲ್ಲ, ಹೇಗೆ ಇಳಿಸಿದ ಗೊತ್ತಾ? ಶಾಸನದ ಮಾತನ್ನೇ ಬದಲಾಯಿಸಿ. "ಕೆರೆಗೆ ಬಿಟ್ಟ ಗದ್ದೆ" ಅಂದರೆ ದತ್ತಿಯಾಗಿ ಕೊಟ್ಟ ಗದ್ದೆ. ಅದು "ಕೆರೆಗೆ ತೊರೆದ ಗದ್ದೆ" ಆಗಿತ್ತು. ದಾನ ಕೊಟ್ಟವರು ಜಮೀನು ಬಿಟ್ಟು ಓಡಿಹೋದ ಹಾಗೆ. ನನ್ನ ಇಡೀ ವಾದ ಆ "ಬಿಟ್ಟ" ಅನ್ನುವ ಒಂದು ಪದದ ಮೇಲೆ ನಿಂತಿತ್ತು.

"ಇದನ್ನ ನೀನು ಓದಿದ್ಯೇನಮ್ಮ?" ಅಂದರು ಸರ್. ಬೈದಿದ್ದರೆ ತಡ್ಕೊಳ್ತಿದ್ದೆ. ಬೈಯಲಿಲ್ಲ. ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ.

ಅಲ್ಲಿಗೂ ಮುಗಿಯಲಿಲ್ಲ. ಸರ್ ಐಎಸ್‌ಎಸ್‌ಎನ್ ಪೋರ್ಟಲ್ ತೆಗೆದು ಆ ಎಂಟು ಅಂಕಿ ಹಾಕಿದರು. ಎರಡು ನಿಮಿಷದ ಕೆಲಸ, ದುಡ್ಡಿಲ್ಲ. ಆ ಸಂಖ್ಯೆ ಬೇರೆ ರಾಜ್ಯದ ಒಂದು ಹಳೇ ಪತ್ರಿಕೆಯದು. ಹೆಸರು ಅದೇ, ವೆಬ್‌ಸೈಟ್ ಬೇರೆ. ನನ್ನ ಪೇಪರ್ ಬಂದಿದ್ದು ಅದರ ನಕಲಿಯಲ್ಲಿ. ಸರ್ ಅಸಲಿ ಪತ್ರಿಕೆಯ ಸಂಪಾದಕರಿಗೇ ಫೋನ್ ಹಚ್ಚಿದರು. ನಮ್ಮ ಹೆಸರಿನಲ್ಲಿ ಯಾರೋ ನಡೆಸುತ್ತಿದ್ದಾರೆ, ನಿಮ್ಮ ಹಾಗೆ ತುಂಬಾ ಜನ ಕೇಳುತ್ತಾರೆ, ಅಂದರಂತೆ.

ಈಗ ಆ ಫಾರ್ಮ್ಯಾಟಿಂಗ್‌ನವನ ಉತ್ತರಗಳು. ಒಂದೊಂದನ್ನೂ ಇಟ್ಟುಕೊಂಡಿದ್ದೇನೆ.

ಗ್ರಂಥಋಣದ ಬಗ್ಗೆ ಕೇಳಿದ್ದಕ್ಕೆ, "ರೆಫರೆನ್ಸ್ ಯಾರು ಓದ್ತಾರೆ ಮೇಡಂ, ಎಷ್ಟಿದೆ ಅಂತ ಎಣಿಸ್ತಾರೆ ಅಷ್ಟೇ."

ಶಾಸನ ತಿರುಚಿದ್ದಕ್ಕೆ, "ನೀವೇ 10ರ ಒಳಗೆ ಬೇಕು ಅಂದ್ರಿ." ನಾನು ಅಂದಿರಲಿಲ್ಲ. ಆತನೇ ಅಂದದ್ದು.

ತಪ್ಪುಗಳಿಗೆಲ್ಲ, "ಪ್ರೂಫ್ ಓಕೆ ಅಂದಿದೀರಲ್ಲ ಮೇಡಂ, ಸ್ಕ್ರೀನ್‌ಶಾಟ್ ಇದೆ ನನ್ ಹತ್ರ." ಒಂದು ಪುಟ ತೋರಿಸಿ ಹದಿಮೂರು ಪುಟಕ್ಕೆ ಓಕೆ!

ನಕಲಿ ಜರ್ನಲ್ ಅಂದಿದ್ದಕ್ಕೆ, "ಇದೇ ಜರ್ನಲ್‌ನಲ್ಲಿ ಎಷ್ಟೋ ಜನ ಡಾಕ್ಟರ್ ಆಗಿದಾರೆ. ನಿಮಗೊಬ್ರಿಗೇ ಪ್ರಾಬ್ಲಂ."

ತೆಗೆದುಹಾಕಿ, ನನ್ನ ಪೇಪರ್ ನನಗೆ ವಾಪಸ್ ಬೇಕು ಅಂದಿದ್ದಕ್ಕೆ, "ವಿತ್‌ಡ್ರಾ ಚಾರ್ಜ್ 3,000."

ಕೊಡಲಿಲ್ಲ. ಆದರೆ ಸಂಕಟ ಇರೋದೇ ಇಲ್ಲಿ. ದುಡ್ಡು ಹೋದರೆ ಹೋಗಲಿ. ಆ ಪೇಪರ್ ಅಲ್ಲಿ ಇರುವವರೆಗೂ ನಾನು ಮೊದಲು ಕಳಿಸಬೇಕೆಂದಿದ್ದ ಒಳ್ಳೆಯ ಜರ್ನಲ್‌ಗೆ ಕಳಿಸುವ ಹಾಗಿಲ್ಲ. ಇದು ಬೇರೆಲ್ಲೂ ಪ್ರಕಟ ಆಗಿಲ್ಲ ಅಂತ ಸಹಿ ಮಾಡಬೇಕು. ಸುಳ್ಳು ಸಹಿ ಮಾಡಲ್ಲ. ನಡೆದದ್ದೆಲ್ಲ ಬರೆದು ಆ ಸಂಪಾದಕರಿಗೆ ಪತ್ರ ಹಾಕಿದ್ದೇನೆ, ಉತ್ತರ ಬಂದಿಲ್ಲ.

ನಿಮಗೆ ಹೇಳೋದು ಇಷ್ಟು. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲೇ ಮೂಲ ಹೇಳಿ ಕೊಟ್ಟ ಉದ್ಧರಣೆ, ಗ್ರಂಥಋಣ ಇವನ್ನೆಲ್ಲ ಸಿಮಿಲಾರಿಟಿ ಲೆಕ್ಕಕ್ಕೆ ಹಿಡಿಯಬಾರದು ಅಂತಿದೆ. ಶಾಸನಪಾಠ ಮ್ಯಾಚ್ ಆಗಲೇಬೇಕು, ಆಗದಿದ್ದರೆ ಅದು ಶಾಸನವೇ ಅಲ್ಲ. 31 ಅಂತ ಯಾರಾದರೂ ಹೆದರಿಸಿದರೆ ಪೂರ್ತಿ ರಿಪೋರ್ಟ್ ಕೇಳಿ. ನಾನು ಕೇಳಲಿಲ್ಲ. ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ಗುಣಮಟ್ಟ ಅಂತಲ್ಲ, ಅದು ಬರೀ ಗುರುತಿನ ಸಂಖ್ಯೆ. ಅದು ಯಾರದ್ದು ಅಂತ ನೀವೇ ಹಾಕಿ ನೋಡಿ. ಪ್ರೂಫ್ ಅಂದರೆ ಇಡೀ ಪಿಡಿಎಫ್, ಒಂದು ಪುಟದ ಫೋಟೋ ಅಲ್ಲ. ಫೈಲ್ ಮಾತ್ರ ಯಾರ ಕೈಗೂ ಕೊಡಬೇಡಿ. ಆಮೇಲೆ ನಾನು ಜೊಟೆರೋ ಅನ್ನುವ, ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಂಡು ಆ 42 ಉಲ್ಲೇಖಗಳನ್ನು ಶನಿವಾರ ಭಾನುವಾರ ಕೂತು ನಾನೇ ಮಾಡಿದೆ. ಪುಕ್ಕಟೆ ಸಿಗುತ್ತೆ. ಎರಡು ದಿನದ ಕೆಲಸಕ್ಕೆ ಹೆದರಿ ನಾಲ್ಕು ವರ್ಷದ್ದನ್ನು ಕೊಟ್ಟುಬಿಟ್ಟೆ.

ಆತನ ವಾಟ್ಸಾಪ್ ಪ್ರೊಫೈಲಿನಲ್ಲಿ ಇವತ್ತಿಗೂ ನನ್ನ ಸರ್ಟಿಫಿಕೇಟಿನ ಫೋಟೋ ಇದೆ, ಹೆಸರಿನ ಸಮೇತ. ಜೂನಿಯರ್ ಅದನ್ನು ನೋಡಿಯೇ ನಂಬಿದ್ದಂತೆ. ತೆಗೆಯಿರಿ ಅಂತ ಬೆಳಗ್ಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂದಿದೆ. ಫೋಟೋ ಹಾಗೇ ಇದೆ.