100 ಎಂಎಂ ಟ್ರಾವೆಲ್ ಸಾಕಾ? ರಾಕ್‌ಶಾಕ್ಸ್ ಜೂಡಿ ಫೋರ್ಕ್ ರಿವ್ಯೂ

ಬೆಂಗಳೂರಿನ ಸುತ್ತಮುತ್ತ ಎಂಟಿಬಿ (ಮೌಂಟನ್ ಬೈಕ್) ಓಡಿಸುವವರಲ್ಲಿ ಹೆಚ್ಚಿನವರಿಗೆ 100 ಎಂಎಂ ಟ್ರಾವೆಲ್ ಸಾಕು. ಗುಂಡಿ ಕಲ್ಲು ಸಿಕ್ಕಾಗ ಚಕ್ರ ಎಷ್ಟು ಮೇಲಕ್ಕೆ ಸರಿಯಬಲ್ಲದು ಅನ್ನುವುದೇ ಟ್ರಾವೆಲ್, ಅಷ್ಟೇ. 100 ಸಾಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಗೆ ಹೋದರೆ ಕಿವಿಗೆ ಬೀಳುವ ಮೊದಲ ಮಾತೇ "ಸರ್, ಇದ್ರಲ್ಲಿ ಶಾಕರ್ ಜಾಸ್ತಿ ಇದೆ, ಇದನ್ನೇ ತಗೊಳ್ಳಿ" ಅಂತ.

ನನ್ನ ಸೈಕಲ್ 29 ಇಂಚಿನ ಚಕ್ರದ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕರ್ ಇಲ್ಲದ್ದು. ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕರ್, ರಾಕ್‌ಶಾಕ್ಸ್ ಕಂಪನಿಯ ಜೂಡಿ ಸಿಲ್ವರ್ ಟಿಕೆ, 100 ಎಂಎಂ, ಗಾಳಿಯೇ ಸ್ಪ್ರಿಂಗ್ ಆಗಿರುವ ಏರ್ ಸ್ಪ್ರಿಂಗ್. ಓಡಿಸುವುದು ತುರಹಳ್ಳಿಯ ಬಂಡೆಗಳ ಮೇಲೆ, ಅವಲಹಳ್ಳಿ ಕಾಡಿನ ದಾರಿಗಳಲ್ಲಿ, ಬಿಡುವಾದಾಗ ಸಕಲೇಶಪುರದ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ. ಇಲ್ಲೆಲ್ಲ ಈ ಫೋರ್ಕ್ ನನಗೆ ತುಂಬಾ ಇಷ್ಟವಾಗಿದೆ.

ಕ್ರಾಸ್ ಕಂಟ್ರಿ ರೇಸ್ ಸೈಕಲ್‌ಗಳಲ್ಲಿ 100ರಿಂದ 120 ಎಂಎಂ ಟ್ರಾವೆಲ್ ಇರುತ್ತದೆ, ಟ್ರೇಲ್ ಸೈಕಲ್‌ಗಳಲ್ಲಿ 120ರಿಂದ 150, ಕಷ್ಟದ ಇಳಿಜಾರಿಗೆ ಮಾಡಿದ ಎಂಡ್ಯೂರೋದಲ್ಲಿ 150ರಿಂದ 170, ಡೌನ್‌ಹಿಲ್‌ನಲ್ಲಿ 200ರ ಆಸುಪಾಸು. ಆ ಕೊನೆಯ ಜಾತಿ ಲಿಫ್ಟ್‌ನಲ್ಲೋ ಜೀಪಿನಲ್ಲೋ ಗುಡ್ಡದ ತುದಿಗೆ ಹೋಗಿ ಇಳಿಯುವವರಿಗೆ. ನಾವು ಇಳಿಯುವ ಗುಡ್ಡವನ್ನು ತುಳಿದುಕೊಂಡೇ ಹತ್ತಬೇಕು, ಅಲ್ವಾ? ರಾಕ್‌ಶಾಕ್ಸ್‌ನ ಮೊದಲ ಫೋರ್ಕ್ ಆರ್‌ಎಸ್-1 ಬಂದಿದ್ದು 1989ರಲ್ಲಿ, ಅದರ ಟ್ರಾವೆಲ್ ಎರಡು ಇಂಚೂ ಪೂರ್ತಿ ಇರಲಿಲ್ಲ. ಮರುವರ್ಷ ಅಮೆರಿಕದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಡೌನ್‌ಹಿಲ್ ಗೆದ್ದಿದ್ದು ಅದೇ ಫೋರ್ಕ್ ಹಾಕಿಕೊಂಡು.

ಈಗ ಮುಖ್ಯ ವಿಷಯ. 100 ಎಂಎಂ ಅಂತ ಸ್ಟಿಕರ್ ಅಂಟಿಸಿದ ಎಲ್ಲ ಫೋರ್ಕೂ ಒಂದೇ ಅಲ್ಲ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಲೋಹದ ಕಾಯಿಲ್ ಸ್ಪ್ರಿಂಗ್ ಇರುತ್ತದೆ, ಅದನ್ನು ಯಾವುದೋ ಒಂದು ಸರಾಸರಿ ತೂಕಕ್ಕೆ ಮಾಡಿರುತ್ತಾರೆ, ಹಾಗಾಗಿ 55 ಕೆಜಿಯವರು ಕೂತರೆ ಅದು ಕದಲುವುದೇ ಕಷ್ಟ, 95 ಕೆಜಿಯವರು ಕೂತರೆ ಮೊದಲ ಗುಂಡಿಯಲ್ಲೇ ತಳ ಮುಟ್ಟುತ್ತದೆ. ಜೊತೆಗೆ ಸ್ಪ್ರಿಂಗಿನ ಚಿಮ್ಮುವಿಕೆಗೆ ಕಡಿವಾಣ ಹಾಕುವ ಡ್ಯಾಂಪರ್ ಅನ್ನುವುದು ಅಗ್ಗದ ಫೋರ್ಕ್‌ಗಳಲ್ಲಿ ಹೆಸರಿಗೆ ಮಾತ್ರ, ಕೆಲವದರಲ್ಲಿ ಅದೂ ಇಲ್ಲ. ಒತ್ತಿದ ಸ್ಪ್ರಿಂಗ್ ಅಷ್ಟೇ ಜೋರಾಗಿ ವಾಪಸ್ ಚಿಮ್ಮಿ ಹ್ಯಾಂಡಲ್ ಹಿಡಿದ ಕೈಗೆ ಬಡಿಯುತ್ತದೆ. ಏರ್ ಫೋರ್ಕ್‌ನಲ್ಲಿ ನಿಮ್ಮ ತೂಕಕ್ಕೆ ತಕ್ಕ ಗಾಳಿ ತುಂಬಿಕೊಳ್ಳಬಹುದು. ಜೂಡಿಯಲ್ಲಿ ಕೆಳಗೆ ಕೆಂಪು ನಾಬ್ ಇದೆ, ರಿಬೌಂಡ್, ಅಂದರೆ ಫೋರ್ಕ್ ವಾಪಸ್ ಮೇಲೇಳುವುದು, ಎಷ್ಟು ನಿಧಾನ ಬೇಕು ಅಂತ ಅದರಲ್ಲಿ ಹೊಂದಿಸಿಕೊಳ್ಳಬಹುದು. ಮೇಲೆ ಫೋರ್ಕ್ ಕುಣಿಯದಂತೆ ಬಿಗಿ ಮಾಡುವ ಲಾಕ್‌ಔಟ್ ಇದೆ, ಟಾರ್ ರಸ್ತೆಯ ಏರಿಗೆ ಅನುಕೂಲ.

ಆದರೆ ಗಾಳಿ ಸರಿಯಾಗಿ ಹೊಂದಿಸದಿದ್ದರೆ ಇದೆಲ್ಲ ಇದ್ದೂ ದಂಡ. ಶೋರೂಮಿನಿಂದ ಬಂದ ಹಾಗೇ ಓಡಿಸುವವರೇ ಜಾಸ್ತಿ, ಅದನ್ನು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಹೆಲ್ಮೆಟ್, ನೀರಿನ ಬ್ಯಾಗ್ ಎಲ್ಲ ಹಾಕಿಕೊಂಡು ಸೈಕಲ್ ಮೇಲೆ ನಿಧಾನವಾಗಿ ನಿಂತುಕೊಳ್ಳಿ, ಯಾರಾದರೂ ಹಿಡಿದುಕೊಂಡಿರಲಿ. ಫೋರ್ಕ್‌ನ ಮೇಲಿನ ಕಾಲಿಗೆ (ಒಳಗೆ ಸರಿಯುವ ನಯವಾದ ಕೊಳವೆಗೆ) ಹಾಕಿರುವ ರಬ್ಬರ್ ರಿಂಗನ್ನು ಕೆಳಗಿನ ಕಾಲಿನ ಬಾಯಲ್ಲಿರುವ ಸೀಲಿನ ತನಕ ಇಳಿಸಿ, ಆಮೇಲೆ ಮೆಲ್ಲಗೆ ಕೆಳಗಿಳಿಯಿರಿ. ಈಗ ರಿಂಗ್ ಸೀಲಿನಿಂದ ಎಷ್ಟು ಮೇಲಿದೆಯೋ ಅದೇ ಸ್ಯಾಗ್, ಅಂದರೆ ನಿಮ್ಮ ತೂಕಕ್ಕೇ ಫೋರ್ಕ್ ಇಳಿದಷ್ಟು. 100 ಎಂಎಂ ಫೋರ್ಕ್‌ನಲ್ಲಿ ಅದು 20 ಎಂಎಂ ಹತ್ತಿರ ಇದ್ದರೆ ಒಳ್ಳೆಯದು. ರಿಂಗ್ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿದರೂ ನಡೆಯುತ್ತದೆ. ರೈಡ್ ಮುಗಿದ ಮೇಲೂ ರಿಂಗ್ ನೋಡಿ. ನಿಮ್ಮ ದಾರಿಯ ಅತಿ ಕೆಟ್ಟ ಜಾಗದಲ್ಲೂ ಅದು 70–75 ದಾಟಿಲ್ಲ ಅಂದರೆ, ಇರುವ ಟ್ರಾವೆಲನ್ನೇ ನೀವು ಪೂರ್ತಿ ಬಳಸುತ್ತಿಲ್ಲ. ಮೊದಲು ಸ್ವಲ್ಪ ಗಾಳಿ ಬಿಡಿ, 140ರ ಯೋಚನೆ ಆಮೇಲೆ.

140 ಅಂದೆನಲ್ಲ, ಒಂದು ಅಂಗಡಿಯಲ್ಲಿ ನನ್ನ ಇದೇ ಫ್ರೇಮಿಗೆ ಅಷ್ಟುದ್ದದ ಫೋರ್ಕ್ ಹಾಕಿಕೊಡುತ್ತೇನೆ ಅಂದರು. ದಯವಿಟ್ಟು ಹೀಗೆ ಮಾಡಿಸಬೇಡಿ. ಪ್ರತಿ 10 ಎಂಎಂಗೆ ಹೆಡ್ ಆ್ಯಂಗಲ್, ಅಂದರೆ ಫೋರ್ಕ್ ನಿಂತಿರುವ ಕೋನ, ಸುಮಾರು ಅರ್ಧ ಡಿಗ್ರಿ ಮಲಗುತ್ತದೆ. 40 ಎಂಎಂ ಏರಿಸಿದರೆ ಮುಂಭಾಗ ಎತ್ತರವಾಗಿ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಫ್ರೇಮಿನಲ್ಲಿ ಫೋರ್ಕ್ ಕೂರುವ ಹೆಡ್ ಟ್ಯೂಬ್ ಮೇಲೆ ಬೀಳುವ ಒತ್ತಡವೂ ಹೆಚ್ಚು, ವಾರಂಟಿಯೂ ಹೋಗಬಹುದು. ಫ್ರೇಮ್ ಕಂಪನಿ ಒಪ್ಪಿದ್ದರೆ 120ರವರೆಗೆ ಹೋಗಬಹುದು. ಜೂಡಿಯಲ್ಲಿ ಅದಕ್ಕೆ ಒಳಗಿನ ಏರ್ ಶಾಫ್ಟ್ ಬದಲಾಯಿಸಿದರೆ ಆಯಿತು.

ಈ ಫೋರ್ಕ್‌ಗೂ ಮಿತಿ ಇದೆ. ಇದರ ಮೇಲಿನ ಕಾಲುಗಳು 30 ಎಂಎಂ ದಪ್ಪ. ತೂಕ 90 ಕೆಜಿ ದಾಟಿದವರು, ಜಂಪ್ ಹೊಡೆಯುವವರು 32 ಎಂಎಂ ಕಾಲಿನ, ರಾಕ್‌ಶಾಕ್ಸ್‌ನದೇ ರೀಕಾನ್ ಅಥವಾ ಅದಕ್ಕಿಂತ ಗಟ್ಟಿಯಾದದ್ದನ್ನು ನೋಡುವುದು ಒಳ್ಳೆಯದು. ಡ್ಯಾಂಪರ್ ಕೂಡ ಸರಳವಾದದ್ದು. ತುರಹಳ್ಳಿಯ ಬಂಡೆಗಳಲ್ಲಿ ವೇಗ ಕಡಿಮೆ, ಅಲ್ಲಿ ಏನೂ ಅನಿಸುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಕಲ್ಲಿನ ಮೇಲೆ ಕಲ್ಲು ಬರುತ್ತಲೇ ಇದ್ದರೆ ದುಬಾರಿ ಫೋರ್ಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಹಿಂದೆಯೂ ಸಸ್ಪೆನ್ಶನ್ ಬೇಕಾ? ಮಲೆನಾಡಿನ ಇಳಿಜಾರುಗಳಲ್ಲೇ ವಾರವಾರ ಓಡಿಸುವವರಿಗೆ, ಬೆನ್ನು ನೋವಿರುವವರಿಗೆ, 120–130 ಎಂಎಂನ ಒಳ್ಳೆಯ ಫುಲ್ ಸಸ್ಪೆನ್ಶನ್ ಖಂಡಿತ ಬೆಲೆಗೆ ತಕ್ಕದ್ದು. ಹತ್ತು ಹದಿನೈದು ಸಾವಿರದ "ಡಬಲ್ ಶಾಕರ್" ಮಾತ್ರ ಬೇಡ. ತುಳಿದ ಶಕ್ತಿಯೆಲ್ಲ ಹಿಂದಿನ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ, ತೂಕವೂ ಜಾಸ್ತಿ. ಮಕ್ಕಳು ಆಸೆಪಟ್ಟು ಕೇಳುತ್ತಾರೆ ಅಂತ ಕೊಡಿಸುವ ಅಪ್ಪ ಅಮ್ಮಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅದೇ ದುಡ್ಡಿಗೆ ಶಾಕರ್ ಇಲ್ಲದ, ದಪ್ಪ ಟೈರಿನ ಸೈಕಲ್ ಎಷ್ಟೋ ಚೆನ್ನಾಗಿ ಓಡುತ್ತದೆ.

ಟೈರ್ ಅಂದಮೇಲೆ ಇದನ್ನೂ ಹೇಳಬೇಕು: ಹಾರ್ಡ್‌ಟೇಲ್‌ನಲ್ಲಿ ನಿಮ್ಮ ಹಿಂದಿನ ಸಸ್ಪೆನ್ಶನ್ ಟೈರೇ. ನಾನು 2.35 ಇಂಚಿನ ಟೈರನ್ನು ಟ್ಯೂಬ್‌ಲೆಸ್ ಮಾಡಿಸಿ 25 ಪಿಎಸ್‌ಐ ಆಸುಪಾಸು ಗಾಳಿ ಇಡುತ್ತೇನೆ, ನನ್ನ ತೂಕ 72 ಕೆಜಿ. ಫೋರ್ಕ್‌ಗೆ 20 ಎಂಎಂ ಸೇರಿಸಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚಿನ ಹಿಡಿತ ಇದರಿಂದಲೇ ಸಿಕ್ಕಿದೆ. ಮಳೆಗಾಲದ ಕೆಸರಲ್ಲಂತೂ ಟ್ರಾವೆಲ್ ಏನೂ ಮಾಡುವುದಿಲ್ಲ, ಟೈರ್‌ದೇ ಎಲ್ಲ.

ಸರ್ವಿಸ್ ಮರೆಯಬೇಡಿ. ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಾಯಿಸುವ ಕೆಲಸವನ್ನು 50 ಗಂಟೆಗೊಮ್ಮೆ ಮಾಡಿ ಅಂತ ಕಂಪನಿಯೇ ಹೇಳುತ್ತದೆ. ನಮ್ಮ ಕೆಂಪು ಧೂಳಿಗೆ ಇದು ಬೇಕೇ ಬೇಕು. ಒಂದು ಕಡೆ ಫೋರ್ಕ್ ಸರ್ವಿಸ್ ಅಂತ ಪೂರ್ತಿ ದುಡ್ಡು ತೆಗೆದುಕೊಂಡು ಬರೀ ಹೊರಗೆ ಒರೆಸಿ ಕೊಟ್ಟಿದ್ದರು, ಆದ್ದರಿಂದ ಹಳೆ ಎಣ್ಣೆ ತೋರಿಸಿ ಅಂತ ಕೇಳಿ, ಸಾಧ್ಯವಾದರೆ ಎದುರಿಗೇ ನಿಂತು ಮಾಡಿಸಿ. ಮತ್ತೆ ಫೋರ್ಕ್‌ಗೆ ಗಾಳಿ ತುಂಬುವ ಶಾಕ್ ಪಂಪ್ ಒಂದನ್ನು ಸೈಕಲ್ ಜೊತೆಗೇ ತೆಗೆದುಕೊಳ್ಳಿ. ಚಕ್ರಕ್ಕೆ ಹೊಡೆಯುವ ಪಂಪ್ ಇದಕ್ಕೆ ಆಗುವುದಿಲ್ಲ.