ಮನೆಯ ಗಿಟಾರ್‌ಗೆ ತಾಳ ಹಾಕುವವರು ಯಾರು?

ಒಬ್ಬರೇ ಕೂತು ಗಿಟಾರ್ ಬಾರಿಸುವವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಸುಲಭದ ಜಾಗದಲ್ಲಿ ಓಡುತ್ತೇವೆ, ಕಷ್ಟದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದರೆ ನಡಿಗೆ. ನನಗಂತೂ ಒಂದೇ ಬೆರಳಿನಿಂದ ಎಲ್ಲ ತಂತಿ ಅದುಮಬೇಕಾದ ಎಫ್ ಬಾರ್ ಕಾರ್ಡ್ ಬಂದರೆ ಕಾಲವೇ ನಿಂತುಹೋಗುತ್ತದೆ. ಲಯ ಎಣಿಸುವ ಮೆಟ್ರೋನೋಮ್ ಇಟ್ಟುಕೋ ಎಂದು ಮೇಷ್ಟ್ರು ಹೇಳಿದ್ದರು. ಆ ಟಕ್ ಟಕ್ ಕೇಳುತ್ತಾ ಹತ್ತು ನಿಮಿಷ ಕೂರುವುದು ನನ್ನ ಕೈಲಾಗಲಿಲ್ಲ. ಹೀಗಾಗಿ ಒಳಗೇ ಡ್ರಮ್ ಸದ್ದು ಇರುವ ಪ್ರಾಕ್ಟೀಸ್ ಆಂಪ್‌ಗಳ, ಅಂದರೆ ಗಿಟಾರ್‌ನ ಸದ್ದು ಹೆಚ್ಚಿಸುವ ಪುಟ್ಟ ಸ್ಪೀಕರ್ ಪೆಟ್ಟಿಗೆಗಳ, ಹಿಂದೆ ಬಿದ್ದೆ.

ಎರಡು ವರ್ಷದಲ್ಲಿ ಮೂರು ಆಂಪ್ ಮನೆಗೆ ಬಂದವು. ಒಂದು ಹೊಸದು, ಒಂದು ಸೆಕೆಂಡ್ ಹ್ಯಾಂಡ್, ಒಂದು ಗೆಳೆಯ ಬಿಟ್ಟುಹೋಗಿದ್ದು. ಮನೆ ಅಂದರೆ ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟ್. ಗೋಡೆಯ ಆಚೆ ಪಿಯುಸಿ ಓದುವ ಹುಡುಗಿ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮೊದಲು ಬಂದದ್ದು 3 ವಾಟ್‌ನ ಪುಟ್ಟ ಪೆಟ್ಟಿಗೆ. ಹೆಸರು ಬೇಡ ಬಿಡಿ. ಡ್ರಮ್ ಗುಂಡಿ ಒತ್ತಿದರೆ ಚಿಕ್ ಚಿಕ್ ಚೆನ್ನಾಗಿಯೇ ಕೇಳುತ್ತಿತ್ತು, ಧಬ್ ಮಾತ್ರ ಕೇಳುತ್ತಿರಲಿಲ್ಲ. ಗಿಟಾರ್‌ನ ದಪ್ಪ ಇ ತಂತಿಯೇ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಗುದ್ದು ಅದಕ್ಕೂ ಕೆಳಗೆ. ಅಂಗೈ ಅಗಲದ ಸ್ಪೀಕರ್ ಅಷ್ಟು ಗಾಳಿಯನ್ನು ಎಲ್ಲಿಂದ ತಳ್ಳಬೇಕು? ಗಿಟಾರ್‌ಗೆ ಸ್ವಲ್ಪ ಡಿಸ್ಟಾರ್ಷನ್ (ರಾಕ್ ಹಾಡುಗಳ ಒರಟು ಸದ್ದು) ಹಾಕಿದರೆ ಇಡೀ ಡ್ರಮ್ ಸೆಟ್ ಅದರೊಳಗೆ ಮುಳುಗಿಹೋಗುತ್ತಿತ್ತು. ಹೆಡ್‌ಫೋನ್ ಹಾಕಿದರೆ ಅದೇ ಆಂಪ್ ಬೇರೆಯೇ ವಸ್ತು. ವೈರ್ ಇರುವ ಹೆಡ್‌ಫೋನ್ ಮಾತ್ರ ಹಾಕಿ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತದೆ. ತಾಳ ಕಲಿಯಲು ಹೊರಟವನಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ!

ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು ವಾಕ್ಸ್ ಮಿನಿ5 ರಿದಂ. 6.5 ಇಂಚಿನ ಸ್ಪೀಕರ್, 99 ರಿದಂಗಳು. ಎಲ್ಲ ಮೇಲುಗಡೆಯ ತಿರುಗಣೆಗಳಲ್ಲೇ ಇದೆ, ಫೋನ್ ಬೇಕಿಲ್ಲ. ಬೇಕಾದ ಬಗೆಗೆ ತಿರುಗಿಸು, ಶುರು ಮಾಡು, ಅಷ್ಟೇ. ನಮ್ಮಲ್ಲಿ ಯಾವ ಕಂಪನಿಯ ಕೀಬೋರ್ಡ್ ಆದರೂ 'ಕ್ಯಾಸಿಯೋ' ಎನ್ನುತ್ತಾರಲ್ವಾ, ಅದರ ಬೀಟ್ ಹಾಕಿಕೊಂಡು ಹಾಡುತ್ತಿದ್ದ ಕಾಲ ನೆನಪಾಯಿತು. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಮಾತ್ರ ಇದರ ಇನ್ನೊಂದು ಸ್ವಿಚ್. 5 ವಾಟ್, 1.5 ವಾಟ್, 0.1 ವಾಟ್ ಎಂದು ಶಕ್ತಿ ಇಳಿಸಬಹುದು. ರಾತ್ರಿ ಹತ್ತರ ಮೇಲೆ 0.1ಕ್ಕೆ ತಂದರೆ ಪಕ್ಕದ ಮನೆಗೆ ಹೋಗಲಿ, ನಮ್ಮ ಅಡುಗೆಮನೆಗೂ ಕೇಳಿಸುವುದಿಲ್ಲ. ಆರು ಎಎ ಸೆಲ್ ಹಾಕಿದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಮೈಕ್‌ಗೂ ಜಾಗ ಇದೆ, ಹೆಂಡತಿ ಹಾಡುತ್ತಾಳೆ.

ಗೆಳೆಯನದು ಪಾಸಿಟಿವ್ ಗ್ರಿಡ್‌ನ ಸ್ಪಾರ್ಕ್. 40 ವಾಟ್, 4 ಇಂಚಿನ ಎರಡು ಸ್ಪೀಕರ್. ಇದು ಬೇರೆ ಜಾತಿ. ನೀವು ನಾಲ್ಕು ಕಾರ್ಡ್ ಬಾರಿಸಿ ತೋರಿಸಿದರೆ, ಫೋನಿನ ಆ್ಯಪ್ ಕೇಳಿಸಿಕೊಂಡು ಅದಕ್ಕೊಪ್ಪುವ ಡ್ರಮ್ ಮತ್ತು ಬೇಸ್ (ಮಂದ್ರದ ಗಿಟಾರ್) ಕಟ್ಟಿಕೊಡುತ್ತದೆ. ಸ್ಮಾರ್ಟ್ ಜಾಮ್ ಎಂದು ಅದರ ಹೆಸರು. ಮೊದಲ ಸಲ ಸಿ, ಎ ಮೈನರ್, ಎಫ್, ಜಿ ಬಾರಿಸಿದ ಮೇಲೆ ಹಿಂದಿನಿಂದ ಬೇಸ್ ಬಂದಾಗ ಮೈ ಜುಮ್ ಎಂದಿತು, ಸುಳ್ಳು ಹೇಳುವುದಿಲ್ಲ. ಅದರಲ್ಲೂ ಬೇಸ್ ಇದ್ದರೆ ಕಾರ್ಡ್ ಬದಲಾಯಿಸುವ ಜಾಗ ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಬರೀ ಡ್ರಮ್ ಈ ವಿಷಯದಲ್ಲಿ ಜಾಸ್ತಿ ಕ್ಷಮಿಸುತ್ತದೆ.

ಆದರೆ ಅದಕ್ಕೆ ಫೋನ್ ಬೇಕು, ಗೋಡೆಯ ಪ್ಲಗ್ ಬೇಕು. ಫೋನ್ ಕೈಗೆ ಬಂದರೆ ನಾನು ನಾನಾಗಿ ಉಳಿಯುವುದಿಲ್ಲ. ಸುಮ್ನೆ ಒಂದು ಟೋನ್ ನೋಡೋಣ ಎಂದು ಹೊರಟು ನಲವತ್ತು ನಿಮಿಷ ಟೋನ್‌ಗಳನ್ನೇ ಬದಲಾಯಿಸಿ, ಗಿಟಾರ್ ಒರೆಸಿ ಇಟ್ಟ ರಾತ್ರಿಗಳಿವೆ. ತಪ್ಪು ಅದರದ್ದಲ್ಲ, ನನ್ನದು.

ಇಷ್ಟೆಲ್ಲ ಆದಮೇಲೆ ನಿಜವಾದ ತೊಡಕು ಬಂದದ್ದು ಹೆಂಡತಿ ಭಾವಗೀತೆ ಹಾಡಿದಾಗ. ಆರು ಮಾತ್ರೆಯ ಹಾಡು. ಆಂಪ್‌ನಲ್ಲಿ ಹತ್ತಿರದ್ದು ಎಂದು ವಾಲ್ಟ್ಜ್, ಅಂದರೆ ಮೂರು ಎಣಿಕೆಯ ಪಾಶ್ಚಾತ್ಯ ನೃತ್ಯದ ಲಯ, ಹಾಕಿದೆ. ಧುಂ ಚಿಕ್ ಚಿಕ್, ಧುಂ ಚಿಕ್ ಚಿಕ್. ಲೆಕ್ಕ ಸರಿ, ಹಾಡು ಮಾತ್ರ ಬೂಟು ಹಾಕಿಕೊಂಡು ನಡೆದ ಹಾಗಿತ್ತು. ಆರು ಮಾತ್ರೆಯ ತಬಲಾ ತಾಳ ದಾದ್ರಾದಲ್ಲಿ 'ಧಾ ಧೀ ನಾ, ಧಾ ತೀ ನಾ' ಎಂದು ಎರಡನೇ ಅರ್ಧ ಹಗುರವಾಗುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವುದೇ ಆ ಹಗುರದಲ್ಲಿ. ವಾಲ್ಟ್ಜ್‌ನಲ್ಲಿ ಪ್ರತಿ ಮೂರಕ್ಕೂ ಒಂದೇ ಗುದ್ದು. ಇನ್ನು ತಕಿಟ ತಕಧಿಮಿ ಎಂದು ಏಳರಲ್ಲಿ ಹೋಗುವ ಮಿಶ್ರಚಾಪು ಆದರೆ, ನಾಲ್ಕು ನಾಲ್ಕಾಗಿ ಎಣಿಸುವ ರಾಕ್ ಬೀಟ್ ಹತ್ತಿರವೂ ಬರುವುದಿಲ್ಲ.

ಅವಳೇ ಕಪಾಟಿನ ಮೇಲಿಂದ ಹಳೆಯ ತಾಳಮಾಲಾ ಇಳಿಸಿದಳು. ನಮ್ಮ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಬಲಾ, ಸಂಗೀತ ಪಾಠಕ್ಕೆ ಹೋಗುವಾಗಿನದು. ದಾದ್ರಾ ಹಾಕಿ, ಶ್ರುತಿ ಸರಿಮಾಡಿ, ಲಯದ ಗುಂಡಿ ಚೂರು ತಿರುಗಿಸಿದಳು. ಪಕ್ಕದಲ್ಲಿ ವಾಕ್ಸ್, ಡ್ರಮ್ ಆಫ್, ಕ್ಲೀನ್ ಟೋನ್, ಸ್ವಲ್ಪ ರಿವರ್ಬ್ (ದೊಡ್ಡ ಹಾಲ್‌ನ ಅನುರಣನ). ಶ್ರುತಿಗೆ ಹೊಂದುವ ಹಾಗೆ ನಾನು ಎರಡನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮನೆ) ಕೇಪೋ, ಅಂದರೆ ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್, ಹಾಕಬೇಕಾಯಿತು. ಆಂಪ್‌ನ ಡ್ರಮ್‌ಗೆ ಈ ತಲೆನೋವು ಇಲ್ಲ, ಅದು ಯಾವ ಶ್ರುತಿಗಾದರೂ ಹೊಂದುತ್ತದೆ.

ಈಗಿನ ಸ್ಥಿತಿ ಹೀಗಿದೆ. ಪುಟ್ಟ ಪೆಟ್ಟಿಗೆ ಅಕ್ಕನ ಮಗನಿಗೆ ಹೋಯಿತು, ಅವನು ಹೆಡ್‌ಫೋನ್‌ನಲ್ಲೇ ಖುಷಿಯಾಗಿದ್ದಾನೆ. ಸ್ಪಾರ್ಕ್ ಭಾನುವಾರ ಮಧ್ಯಾಹ್ನಕ್ಕೆ, ಬ್ಲೂಸ್ ಬಾರಿಸುವ ಆಸೆ ಬಂದಾಗ. ಕೆಲಸದ ದಿನ ರಾತ್ರಿ ಇಪ್ಪತ್ತು ನಿಮಿಷ ಸಿಕ್ಕರೆ ಕೈ ಹೋಗುವುದು ವಾಕ್ಸ್‌ಗೇ. ಗೆಳೆಯ ತನ್ನ ಆಂಪ್ ವಾಪಸ್ ಕೇಳಿಲ್ಲ, ನಾನೂ ನೆನಪು ಮಾಡಿಲ್ಲ.